ಮೊದಲು ಭಾರ, ಆಮೇಲೆ ಕೊಳವೆ

ಮೇ 19, ಭಾನುವಾರ

ಮುದುಕ ನಿನ್ನೆ ಏಣಿಯಿಂದ ಬಿದ್ದ. ಬಲಗೈ ಎರಡು ಕಡೆ ಮುರಿದಿದೆ, ಎಡಗೈ ಮಣಿಕಟ್ಟು ಬನ್ನಿನಂತೆ ಊದಿದೆ. ಅಂಗಳದ ಪೀಚ್ ಮರದ ಒಂದು ಕೊಂಬೆ ಜುಲೈ ಎರಡರಂದು ಸೂರ್ಯನಿಗೆ ಅಡ್ಡ ಬರುತ್ತದಂತೆ. ಅದನ್ನು ಕಡಿಯಲು ಹತ್ತಿದ್ದ. ಬೇಡವೆಂದು ನಾನು ಹೇಳಿದ್ದೆ. ನಾನು ಹೇಳಿದ್ದು ಅವನ ಕಿವಿಗೆ ಯಾವತ್ತು ಬಿದ್ದಿದೆ?

ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕುತ್ತಿದ್ದ ಡಾಕ್ಟರಮ್ಮನನ್ನು ಅವನು ಕೇಳಿದ ಮೊದಲ ಮಾತು ನೋವಿನದ್ದಲ್ಲ. "ಇದನ್ನ ಜುಲೈ ಎರಡರೊಳಗೆ ಬಿಚ್ತೀರಾ?"

"ತಿಂಗಳ ಕೊನೆಗೆ ನೋಡೋಣ. ಜುಲೈ ಕೊನೆಗೆ," ಅಂದರು ಆಕೆ.

ನನ್ನ ಗಂಡ ನೊಲ್ಬೆರ್ತೊ ಗೋಡೆಯ ಕಡೆ ಮುಖ ತಿರುಗಿಸಿಕೊಂಡ. ಜೀವಮಾನವಿಡೀ ಈ ಕಣಿವೆಯ ರಸ್ತೆಗಳಲ್ಲಿ ಬಸ್ ಓಡಿಸಿದ ಗಂಡಸು, ಮಗುವಿನಂತೆ ಮೂಗು ಎಳೆಯುತ್ತ ಮಲಗಿದ.

ಅಷ್ಟಕ್ಕೂ ಆಗಲಿರುವುದೇನು? ಹಗಲಿನಲ್ಲಿ ಎರಡು ನಿಮಿಷದ ಕತ್ತಲು. ಖಗ್ರಾಸ ಸೂರ್ಯಗ್ರಹಣ ನಮ್ಮ ಎಲ್ಕಿ ಕಣಿವೆಯ ಮೇಲೆಯೇ ಹಾದುಹೋಗುತ್ತದಂತೆ. ಕಪ್ಪಾದ ಸೂರ್ಯನ ಸುತ್ತ ಬಿಳಿ ಕೂದಲು ಕೆದರಿದ ಹಾಗೆ ಒಂದು ಬೆಳಕು ಕಾಣುತ್ತದಂತೆ. ತನ್ನ ಊರಿನಲ್ಲೇ ನಿಂತು, ತನ್ನ ಕೊಳವೆಯಿಂದಲೇ (ಅವನ ಬಾಯಲ್ಲಿ ಅದು ದುರ್ಬೀನು) ಅದರ ಒಂದು ಫೋಟೊ ತೆಗೆಯಬೇಕು. ಇಪ್ಪತ್ತು ವರ್ಷದಿಂದ ಇದೊಂದೇ ಅವನ ಜಪ. ಅದಕ್ಕೆಂದೇ ಅಂಗಳದ ನಡುವೆ ಕಾಂಕ್ರೀಟ್ ಕಂಬ ಹಾಕಿಸಿ ನಾನು ಬಟ್ಟೆ ಒಣಗಿಸುವ ಜಾಗವನ್ನು ನುಂಗಿದ್ದ. ಇನ್ನು ಆ ಕಂಬಕ್ಕೆ ಹಗ್ಗ ಕಟ್ಟಬಹುದು ಅಂದುಕೊಂಡೆ. ಹಾಗೆ ಅಂದುಕೊಂಡದ್ದಕ್ಕೆ ಆಮೇಲೆ ಬೇಜಾರಾಯಿತು.

ಮೇ 22

ಮೈದುನ ಬಾಲ್ದೊ ಬಂದಿದ್ದ. ಒಂದು ಚೀಲ ಅವಕಾಡೊ, ಒಂದು ಚೀಲ ಬಡಾಯಿ. ಹೊಸ ಕ್ಯಾಮೆರಾ ಕೊಂಡಾಗಿನಿಂದ ಅವನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ.

"ಅಣ್ಣಾ, ನೀನು ಚಿಂತೆ ಬಿಡು. ದುರ್ಬೀನು ನನಗೆ ಕೊಡು, ನಾನು ತೆಗೀತೀನಿ. ಫೋಟೊ ಕೆಳಗೆ ನಿನ್ನ ಹೆಸರನ್ನೂ ಹಾಕಿಸ್ತೀನಿ."

ನಿನ್ನ ಹೆಸರನ್ನೂ! ಮುದುಕ ತಲೆ ತಗ್ಗಿಸಿ ಕೂತಿದ್ದ. ನನಗೆ ಮೈ ಉರಿದುಹೋಯಿತು.

"ನಿನ್ಯಾಕೆ ಕರೀಬೇಕು? ಮನೇಲಿ ನಾನಿಲ್ವಾ?" ಅಂದುಬಿಟ್ಟೆ.

ಬಾಲ್ದೊ ನಕ್ಕ ರಭಸಕ್ಕೆ ಕುಡಿಯುತ್ತಿದ್ದ ಟೀ ನೆತ್ತಿಗೇರಿತು. "ಅತ್ತಿಗೇ, ಅದು ನೀನು ಮಾಡಿ ಮಾರೋ ಕೇಕ್ ಅಲ್ಲ ಕಣೇ!"

"ಕೇಕ್ ಅಂದ್ರೆ ಸುಲಭ ಅಂದ್ಕೊಂಡ್ಯಾ? ನಿನ್ನ ಮದುವೆಗೆ ಐದು ಅಂತಸ್ತಿಂದು ಗುಡ್ಡ ಹತ್ತಿಸಿ ತಂದೋಳು ನಾನು. ಕೇಕು ನೆಟ್ಟಗೆ ಬಂತು. ವಾಲಿದ್ದು ನಿನ್ನ ಮದುವೆ."

ಅವನು ಹೋದ ಮೇಲೆ ಮುದುಕ ನನ್ನನ್ನೇ ನೋಡುತ್ತಿದ್ದ. "ನಿಜವಾಗ್ಲೂ ಮಾಡ್ತೀಯಾ, ಲಿಂದಾ?" ಅಂತ ಕೇಳಿದ. ಮಾಡುವುದಿಲ್ಲ ಅನ್ನಲು ಬಾಯಿ ಬರಲಿಲ್ಲ. ಕೋಪದಲ್ಲಿ ಆಡಿದ ಮಾತಿಗೆ ಸಿಕ್ಕಿಹಾಕಿಕೊಂಡೆ.

ಮೇ 25

ಮೊದಲ ಪಾಠ. ಕೊಳವೆಯ ಮುಂದಿನ ಗಾಜಿನ ಮೇಲೆ ಧೂಳಿತ್ತು. ಏಪ್ರನ್ ತುದಿಯಿಂದ ಒರೆಸಿದೆ. ಆಗಷ್ಟೇ ಹಿಟ್ಟು ನಾದಿ ಬಂದಿದ್ದೆ. ಗಾಜಿನ ತುಂಬ ಬೆಣ್ಣೆಯ ಬೆರಳಚ್ಚು.

ಮುದುಕ ಕೂಗಿದ ಕೂಗಿಗೆ ಪಕ್ಕದ ಮನೆಯ ನಾಯಿ ಬೊಗಳಿತು. ಧೂಳಿದ್ದರೆ ಇರಲಿ ಬಿಡಬೇಕಂತೆ, ಫೋಟೊದಲ್ಲಿ ಅದು ಕಾಣುವುದಿಲ್ಲವಂತೆ. ತೀರಾ ಹೆಚ್ಚಾದರೆ ರಬ್ಬರ್ ಉಂಡೆಯಿಂದ ಗಾಳಿ ಊದಬೇಕು, ಬಟ್ಟೆ ತಾಗಿಸಲೇಬಾರದು. ಮನೆಯಲ್ಲಿ ಧೂಳು ಕಂಡರೂ ಒರೆಸಬಾರದ ವಸ್ತುವೊಂದು ಇದೆ ಅಂತ ಮೊದಲೇ ಗೊತ್ತಿದ್ದರೆ ನಾನು ಈ ಮನೆಗೆ ಸೊಸೆಯಾಗಿ ಬರುತ್ತಲೇ ಇರಲಿಲ್ಲ.

ಮೇ 30

ಗಲ್ಲದ ಮೇಲೆ ಬುಗುಟೆ ಎದ್ದಿದೆ. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಮೌಂಟ್ ಅಂತ ಒಂದು ಯಂತ್ರ ಕೂರುತ್ತದೆ. ಆಕಾಶ ತಿರುಗಿದಂತೆ ಅದೂ ತಿರುಗುತ್ತದೆ. ಅದರ ಒಂದು ಕಡೆಗೆ ಕೊಳವೆ, ಇನ್ನೊಂದು ಕಡೆಗೆ ತೂಕ ಸರಿದೂಗಿಸಲು ಕಬ್ಬಿಣದ ಭಾರ. ನಾನು ಕೊಳವೆ ಕೂರಿಸಿ ತಿರುಪು ಸಡಿಲಿಸಿದೆ. ಕೊಳವೆ ಗಿರಕ್ಕನೆ ಕೆಳಗೆ ಬಂದು ಗಲ್ಲಕ್ಕೆ ಬಡಿಯಿತು. ನನ್ನ ಗಲ್ಲ ಅಡ್ಡ ಇತ್ತೆಂದು ಕೊಳವೆ ಉಳಿಯಿತು.

"ಮೊದಲು ಭಾರ, ಆಮೇಲೆ ಕೊಳವೆ! ಬಿಚ್ಚುವಾಗ ಮೊದಲು ಕೊಳವೆ, ಆಮೇಲೆ ಭಾರ! ಎಷ್ಟು ಸಲ ಹೇಳ್ಲಿ ನಿಂಗೆ?"

"ಒಂದು ಸಲ ಹೇಳಿದ್ರೆ ಸಾಕಿತ್ತು. ಇದೇ ಮೊದಲನೇ ಸಲ ಹೇಳ್ತಾ ಇರೋದು!"

ಆಮೇಲೆ "ಗಲ್ಲ ಹೇಗಿದೆ?" ಅಂದ. ಅದಕ್ಕೂ ಮೊದಲು "ಲೆನ್ಸ್ ಹೇಗಿದೆ?" ಅಂದಿದ್ದ.

ಜೂನ್ 3

ಇವತ್ತು ಕೊಳವೆ ಮುಟ್ಟಲಿಲ್ಲ. ಗಲ್ಲಕ್ಕಿಂತ ಮೊದಲು ಲೆನ್ಸ್ ವಿಚಾರಿಸಿದ್ದಕ್ಕೆ ಸಿಟ್ಟು ಇನ್ನೂ ಇಳಿದಿಲ್ಲ. ಸೂಪನ್ನು ತಣ್ಣಗಾದ ಮೇಲೆ ಕುಡಿಸಿದೆ.

ಜೂನ್ 9, ಭಾನುವಾರ

ಇವತ್ತಿನದನ್ನು ನಗಬೇಕೋ ಅಳಬೇಕೋ ತಿಳಿಯದೆ ಬರೆಯುತ್ತಿದ್ದೇನೆ.

ಮಧ್ಯಾಹ್ನದ ಮೇಲೆ ಅಂಗಳದ ಕಂಬದ ಮೇಲೆ ಎಲ್ಲ ಜೋಡಿಸಿದೆ. ಈ ಸಲ ಭಾರ ಮೊದಲು. ಸೂರ್ಯನ ಬೆಳಕನ್ನು ತಗ್ಗಿಸುವ ಕಪ್ಪು ಗಾಜಿನ ಮುಚ್ಚಳವನ್ನು ಕೊಳವೆಯ ಬಾಯಿಗೆ ಹಾಕಿದೆ. ಅದಿಲ್ಲದೆ ಸೂರ್ಯನ ಕಡೆ ತಿರುಗಿಸಿದರೆ ಕ್ಯಾಮೆರಾ ಸುಡುತ್ತದೆ, ಕಣ್ಣಿಟ್ಟರೆ ಕಣ್ಣೂ ಹೋಗುತ್ತದೆ. ಕಿತ್ತಳೆ ಬಣ್ಣದ ಗುಂಡು ಕ್ಯಾಮೆರಾದೊಳಗೆ ಬಂತು. ಕೊಳವೆಯ ಬಳೆ ತಿರುಗಿಸಿ ಗುಂಡಿನ ಮಸುಕು ಅಂಚನ್ನು ಚೂಪಾಗಿಸಿದೆ. ಮುದುಕ ಖುಷಿಯಲ್ಲಿದ್ದ. ನೋಡುನೋಡುತ್ತಿದ್ದಂತೆ ಗುಂಡಿನ ಕೆಳಭಾಗ ಸವೆಯತೊಡಗಿತು.

"ಗ್ರಹಣ ಇವತ್ತೇ ಶುರುವಾಯ್ತಾ?" ಅಂತ ಕೇಳಿದೆ.

ತಲೆಯೆತ್ತಿ ನೋಡಿದರೆ ಸೂರ್ಯ ಎದುರಿನ ಗುಡ್ಡದ ಹಿಂದೆ ಇಳಿಯುತ್ತಿದ್ದ. ಗಡಿಯಾರದಲ್ಲಿ ಇನ್ನೂ ನಾಲ್ಕು ದಾಟಿ ಸ್ವಲ್ಪ. ಗ್ರಹಣ ಪೂರ್ಣವಾಗುವುದು ನಾಲ್ಕೂವರೆ ಕಳೆದ ಮೇಲೆ.

ಮುದುಕ ಅಳತೆ ಮಾಡಿದ್ದು ಜನವರಿಯಲ್ಲಂತೆ. ಜನವರಿ ನಮಗೆ ಬೇಸಿಗೆ, ಆಗ ಸೂರ್ಯ ಇಳಿಯುವುದು ಆ ಕಡೆ, ಹೊಳೆಯ ದಾರಿಯಲ್ಲಿ. ಜೂನ್, ಜುಲೈ ಚಳಿಗಾಲ, ಆಗ ಈ ಕಡೆ, ಗುಡ್ಡದ ಬೆನ್ನಿಗೆ. ನಕ್ಷತ್ರಗಳ ದೂರ ಬಾಯಲ್ಲಿ ಹೇಳುವ ಮನುಷ್ಯ, ಹುಟ್ಟಿದಾಗಿನಿಂದ ಮನೆಯೆದುರು ಕಾಣುವ ಗುಡ್ಡವನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಕಂಬ ಹಾಕಿದ್ದು ದಂಡ, ಕೊಂಬೆ ಕಡಿದದ್ದು ದಂಡ, ಕೈ ಮುರಿದದ್ದೂ ದಂಡ.

ನಾನು ಬಾಯಿಗೆ ಬಂದಂತೆ ಬೈಯಬೇಕಿತ್ತು. ಅವನ ಮುಖ ನೋಡಿ ಬೈಗುಳ ನುಂಗಿದೆ. "ಬೇರೆ ಕಡೆ ಹೋಗೋಣ ಬಿಡು. ಕೊಳವೆಯೇನು ಬೇರು ಬಿಟ್ಟಿದ್ಯಾ?" ಅಂದೆ.

"ಮನೇಲೇ ಗಲ್ಲಕ್ಕೆ ಬಡಿಸ್ಕೊಂಡೋಳು, ಬೇರೆ ಕಡೆ ಸಾಗಿಸ್ತೀಯಾ?"

"ಸಾಗಿಸೋದೇ ನನ್ನ ಕಸುಬು, ಮುದುಕಾ."

ಜೂನ್ 12

ಜಾಗ ಸಿಕ್ಕಿತು. ಆಡು ಸಾಕುವ ದೋನ್ಯಾ ಸೊಯ್ಲಾಳ ದೊಡ್ಡಿಯ ಮೇಲ್ಗಡೆ, ಬಂಡೆಯ ಪಕ್ಕದ ಸಮತಟ್ಟು. ಅಲ್ಲಿ ಸೂರ್ಯ ಐದು ಗಂಟೆಯವರೆಗೂ ಇರುತ್ತಾನೆ. ಟ್ರಕ್ಕು ದೊಡ್ಡಿಯವರೆಗೆ ಮಾತ್ರ ಹೋಗುತ್ತದೆ. ಅಲ್ಲಿಂದ ಆಡುಗಳ ಕಾಲುದಾರಿ.

"ಬಾರೇ, ಬಾ. ಕೇಕ್ ತರ್ತೀಯ ತಾನೆ?" ಅಂದಳು ಸೊಯ್ಲಾ. ಅವಳ ಬಾಡಿಗೆ ಅಷ್ಟೇ.

ಜೂನ್ 16, ಭಾನುವಾರ

ಮುದುಕ ಇಷ್ಟು ವರ್ಷ ದುರ್ಬೀನನ್ನು ಹಳೇ ಕಂಬಳಿಯಲ್ಲಿ ಸುತ್ತಿ, ತಿರುಪುಗಳನ್ನು ಜೇಬಿಗೆ ಹಾಕಿಕೊಂಡು, ತಂತಿಗಳನ್ನು ಬೇಯಿಸಿದ ಶಾವಿಗೆಯಂತೆ ಗುಡ್ಡೆ ಮಾಡಿ ಒಯ್ಯುತ್ತಿದ್ದ. ನೋಡಿ ತಲೆ ಚಚ್ಚಿಕೊಂಡೆ. ಅಂತಸ್ತಿನ ಕೇಕನ್ನು ಜೋಡಿಸಿಕೊಂಡೇ ಒಯ್ಯುವವರು ಯಾರಾದರೂ ಇದ್ದಾರೆಯೇ? ಒಂದೊಂದು ಅಂತಸ್ತಿಗೆ ಒಂದೊಂದು ಪೆಟ್ಟಿಗೆ. ಮೊದಲು ಬೇಕಾದದ್ದು ಕೊನೆಗೆ ಒಳಗೆ ಹೋಗಬೇಕು, ಆಗ ಅದು ಮೇಲೆ ಸಿಗುತ್ತದೆ. ಸ್ಟ್ಯಾಂಡ್ ಎಲ್ಲಕ್ಕಿಂತ ಮೇಲೆ. ಭಾರಗಳು ಬೇರೆಯೇ ಪೆಟ್ಟಿಗೆಯಲ್ಲಿ. ಗಾಜಿನ ಜೊತೆ ಕಬ್ಬಿಣ ಇಡುವುದಕ್ಕೆ ನನಗೇನು ಹುಚ್ಚೇ? ತಿರುಪುಗಳು ಮುಚ್ಚಳವಿರುವ ಕಪ್‌ಕೇಕ್ ತಟ್ಟೆಯ ಗುಳಿಗಳಲ್ಲಿ. ಪ್ರತಿ ತಂತಿಗೂ ಒಂದು ಬಣ್ಣದ ರಿಬ್ಬನ್, ಅದು ಸಿಕ್ಕಿಸುವ ತೂತಿನ ಬಳಿ ಅದೇ ಬಣ್ಣದ ರಿಬ್ಬನ್.

ದುರ್ಬೀನಿನ ಪೆಟ್ಟಿಗೆಗೆ ಮೂರು ಕಡೆ ಸ್ಪಂಜು ಕತ್ತರಿಸಿ ಕೂರಿಸಿದೆ. ಮದುವೆ ಕೇಕಿನ ಪೆಟ್ಟಿಗೆಯನ್ನು ಪರೀಕ್ಷಿಸುವ ಹಾಗೆಯೇ ಅದರೊಳಗೆ ಒಂದು ಹಸಿ ಮೊಟ್ಟೆ ಇಟ್ಟು, ದೊಡ್ಡಿಯ ರಸ್ತೆಯಲ್ಲಿ ಟ್ರಕ್ಕು ಓಡಿಸಿ ಬಂದೆ. ಮೊಟ್ಟೆ ಒಡೆಯಲಿಲ್ಲ. ಅದನ್ನು ಮುದುಕನಿಗೆ ಕರಿದು ಕೊಟ್ಟೆ.

"ಹೊರಗಿನ ಚಳಿಯಿಂದ ಒಳಗೆ ತಂದ ತಕ್ಷಣ ಪೆಟ್ಟಿಗೆ ತೆಗೀಬಾರದು. ಗಾಜಿನ ಮೇಲೆ ಹನಿ ಕೂರುತ್ತೆ," ಅಂತ ಪಾಠ ಶುರುಮಾಡಿದ.

"ಫ್ರಿಜ್ಜಿನ ಕೇಕು ಬೆವರೋದು ನೋಡಿಲ್ವಾ ನಾನು? ತಿನ್ನು ಸುಮ್ಮನೆ."

ಜೂನ್ 22

ಸಮತಟ್ಟಿನ ಮೇಲೆ ಅಭ್ಯಾಸ. ಮೂರು ಗಂಟೆಯ ಹೊತ್ತಿಗೆ ಕಡಲ ಕಡೆಯಿಂದ ಗಾಳಿ ಎದ್ದಿತು, ಈ ಕಣಿವೆಯಲ್ಲಿ ಅದು ತಪ್ಪದು. ಸ್ಟ್ಯಾಂಡಿನ ಕಾಲು ಉದ್ದ ಮಾಡಿದ್ದರಿಂದ ಕ್ಯಾಮೆರಾದಲ್ಲಿ ಸೂರ್ಯ ಕುಣಿಯುತ್ತಿದ್ದ. ಕಾಲುಗಳನ್ನು ಪೂರ್ತಿ ಕುಗ್ಗಿಸಿ ಅಗಲಿಸಿದೆ, ನಡುವೆ ಒಂದು ಚೀಲ ಕಲ್ಲು ನೇತುಹಾಕಿದೆ. ಇಣುಕಲು ಮಂಡಿಯೂರಬೇಕು. ಚರ್ಚಿನಲ್ಲಿ ಊರಿದ ಮಂಡಿ, ಇಲ್ಲೂ ಊರಲಿ. ಕುಣಿತ ನಿಂತಿತು.

ಮೌಂಟ್ ಸೂರ್ಯನ ಜೊತೆಗೇ ತಿರುಗಬೇಕಾದರೆ ಅದರ ಮುಖ ದಕ್ಷಿಣಕ್ಕಿರಬೇಕು; ಹಗಲಿನಲ್ಲಿ ದಿಕ್ಕು ಹೇಳಲು ನಕ್ಷತ್ರವಿಲ್ಲ, ಹಾಗಾಗಿ ದಿಕ್ಸೂಚಿ ನೋಡಿ ತಿರುಗಿಸಬೇಕು. ಎಷ್ಟು ತಿರುಗಿಸಿದರೂ ಸೂರ್ಯ ಚೌಕಟ್ಟಿನಿಂದ ಜಾರುತ್ತಿದ್ದ. ಮುದುಕ ಹೊರಗೆ ನನಗೂ ಒಳಗೆ ತನಗೂ ಶಾಪ ಹಾಕಿದ. ಕೊನೆಗೆ ನನಗೇ ಹೊಳೆಯಿತು: ಕಬ್ಬಿಣದ ಭಾರದ ಪೆಟ್ಟಿಗೆಯ ಮೇಲೆಯೇ ದಿಕ್ಸೂಚಿ ಇಟ್ಟುಕೊಂಡು ನೋಡುತ್ತಿದ್ದೆ. ದೂರ ಹೋಗಿ ನೋಡಿದೆ. ದಕ್ಷಿಣ ತನ್ನ ಜಾಗಕ್ಕೆ ಬಂತು, ಸೂರ್ಯನೂ ನಿಂತ.

ಚೂಪಾಗಿಸಿದ ಮೇಲೆ ಆ ಬಳೆ ಅಲುಗದಂತೆ ಟೇಪು ಸುತ್ತಿದೆ. ಅಂಚು ಅಷ್ಟು ಚಂದ ಕತ್ತರಿಸಿದಂತೆ ಕಂಡಿತು. ಮೇಲೆ ಎರಡು ಚುಕ್ಕೆ ಕಂಡಂತಾಯಿತು, ಒರೆಸಲು ಹೋಗಲಿಲ್ಲ. ಅವು ಗಾಜಿನ ಮೇಲಿನವಲ್ಲ, ಸೂರ್ಯನ ಮೇಲಿನವೇ ಇರಬಹುದು. ಅದನ್ನು ನೋಡುತ್ತ ಎಷ್ಟು ಹೊತ್ತು ಮಂಡಿಯೂರಿದ್ದೆನೋ, ಮುದುಕ ಹಸಿವೆಂದು ಕೂಗಿದ ಮೇಲೆ ಎದ್ದೆ.

ಜೂನ್ 27

ನಾಮಕರಣದ ಕೇಕಿನ ಮೊಟ್ಟೆನೊರೆ ಒಲೆಯಲ್ಲಿ ಸೀದುಹೋಯಿತು. ಸೂರ್ಯ ಪೂರ್ತಿ ಮರೆಯಾದ ಆ ಎರಡು ನಿಮಿಷ ಮಾತ್ರ ದುರ್ಬೀನಿನ ಕಪ್ಪು ಮುಚ್ಚಳ ತೆಗೆದಿಡಬೇಕು. ತೆಗೆಯುವುದು, ಹಾಕುವುದು, ತೆಗೆಯುವುದು, ಹಾಕುವುದು ಅಂತ ಕಣ್ಣು ಮುಚ್ಚಿಕೊಂಡು ಅಭ್ಯಾಸ ಮಾಡುತ್ತಿದ್ದೆ. ಇಂಥದ್ದು ನನ್ನ ಕೈಯಲ್ಲಿ ಆದದ್ದು ನೆನಪಿಲ್ಲ. ಇನ್ನೊಂದು ಮಾಡಿ ಕೊಟ್ಟೆ.

ಜೂನ್ 30

ಮೋಡ. ಕಣಿವೆಯಲ್ಲಿ ವರ್ಷವಿಡೀ ಇಲ್ಲದ ಮೋಡ ಈಗಲೇ ಬರಬೇಕೇ? ಮುದುಕ ಸಮಾಧಾನ ಹೇಳಿದ, "ಹೋಗುತ್ತೆ ಬಿಡು." ಅವನ ಸಮಾಧಾನ ನನಗ್ಯಾಕೆ, ಗ್ರಹಣ ಅವನದ್ದು. ಆದರೂ ಊಟ ಸೇರಲಿಲ್ಲ.

ಜುಲೈ 2, ಮಂಗಳವಾರ

ಮಲಗುವ ಮೊದಲು ಇದನ್ನೆಲ್ಲ ಬರೆದೇ ತೀರಬೇಕು.

ಬೆಳಕು ಹರಿಯುವ ಮೊದಲೇ ಹೊರಟೆವು. ಲಾ ಸೆರೆನಾ ಕಡೆಯಿಂದ ಕಾರುಗಳ ಸಾಲು ಇರುವೆಯಂತೆ ಬರುತ್ತಿತ್ತು. ದೊಡ್ಡಿಯಿಂದ ಮೇಲಕ್ಕೆ ಪೆಟ್ಟಿಗೆಗಳನ್ನು ಒಂದೊಂದಾಗಿ ಹೊತ್ತೆ. ಭಾರದ ಪೆಟ್ಟಿಗೆ ಹೊತ್ತವನು ಬಾಲ್ದೊ! ಹೊಸ ಕ್ಯಾಮೆರಾ ಕುತ್ತಿಗೆಗೆ ನೇತುಹಾಕಿಕೊಂಡು ಅವನೂ ಬಂದಿದ್ದ.

"ನೋಡೇಬಿಡೋಣ ಅತ್ತಿಗೆ, ಯಾರ ಫೋಟೊ ಬರುತ್ತೆ ಅಂತ."

"ನೋಡೋಣ. ಮೊದಲು ಅದನ್ನ ಮೆಲ್ಲಗೆ ಇಳಿಸು."

ಸ್ಟ್ಯಾಂಡ್, ಕಲ್ಲಿನ ಚೀಲ, ಮೌಂಟ್, ಭಾರ, ದುರ್ಬೀನು, ಕ್ಯಾಮೆರಾ. ಯಾರಾದರೂ ಎಡವಿದರೆ ಎಲ್ಲ ಉರುಳದಂತೆ ತಂತಿಗಳನ್ನು ಸ್ಟ್ಯಾಂಡಿನ ಕಾಲಿಗೆ ಕಟ್ಟಿದೆ. ಬಿಸಿಲು ತಾಗದಂತೆ ಬಿಳಿ ಮೇಜುಬಟ್ಟೆ ಹೊದಿಸಿದೆ. ಚಳಿಗೆ ಸೋಲದಂತೆ ಇನ್ನೊಂದು ಬ್ಯಾಟರಿಯನ್ನು ಸ್ವೆಟರಿನೊಳಗೆ ಇಟ್ಟುಕೊಂಡು ಕೂತೆ. ಮುದುಕನ ಕೆಲಸ ಒಂದೇ: ಸೂರ್ಯನ ಅಂಚಿನಲ್ಲಿ ಉಳಿಯುವ ಕೊನೆಯ ಬೆಳಕಿನ ಮಣಿ ಆರಿದ ತಕ್ಷಣ "ಮುಚ್ಚಳ!" ಅಂತ ಕೂಗಿ, ಆಮೇಲೆ ಕ್ಯಾಮೆರಾ ಎಷ್ಟು ಹೊತ್ತು ಕಣ್ಣು ತೆರೆದಿರಬೇಕೆಂಬ ಅಂಕಿಗಳನ್ನು ಒಂದೊಂದಾಗಿ ಹೇಳುವುದು. ಒಳಗಿನ ಬೆಳಕಿಗೆ ಚಿಕ್ಕ ಅಂಕಿ, ಹೊರಗಿನ ಕೂದಲಿಗೆ ದೊಡ್ಡದು. "ನೀನು ಅಷ್ಟು ಕೂಗು ಸಾಕು, ಪಾಠ ಬೇಡ," ಅಂದಿದ್ದೆ.

ಮೋಡ ಇರಲಿಲ್ಲ. ಒಂದು ಚೂರೂ ಇರಲಿಲ್ಲ.

ಯಾರೋ ಬಿಸ್ಕತ್ತು ಕಚ್ಚಿದಂತೆ ಸೂರ್ಯನ ಅಂಚು ಹೋಯಿತು. ಕಚ್ಚುತ್ತ ಕಚ್ಚುತ್ತ ಒಂದು ಎಳೆಯಾಯಿತು. ಬೆಳಕು ಸಂಜೆಯದ್ದಲ್ಲ, ಬೆಳಗಿನದ್ದಲ್ಲ, ಸೀಸದ ಬಣ್ಣ. ಚಳಿ ಬಂತು. ಸೊಯ್ಲಾಳ ಆಡುಗಳು ಯಾರೂ ಕರೆಯದೆ ಸಾಲಾಗಿ ದೊಡ್ಡಿಗೆ ಇಳಿದವು. ಗಾಳಿ ಜೋರಾಯಿತು. ನಾನು ಗಾಳಿಯ ಕಡೆಗೆ ಮಂಡಿಯೂರಿ ಹೊದ್ದಿದ್ದ ಉಣ್ಣೆಯ ಪೊಂಚೊವನ್ನು ಎರಡೂ ಕೈಗೆ ಸಿಕ್ಕಿಸಿ ದುರ್ಬೀನಿಗೆ ಮರೆಯಾದೆ.

ಪಡುವಣ ಬೆಟ್ಟಗಳ ಮೇಲಿಂದ ನೆರಳು ಬಂತು. ಓಡಿ ಬಂತು. ಕಡೆಯ ಮಣಿ ಹೊಳೆದು ಆರಿತು.

ಮುದುಕ ಕೂಗಲಿಲ್ಲ.

ತಿರುಗಿ ನೋಡಿದೆ. ಬಾಯಿ ತೆರೆದು ಮೇಲೆ ನೋಡುತ್ತ ನಿಂತಿದ್ದಾನೆ, ಕೆನ್ನೆಯ ಮೇಲೆ ನೀರು. ಅವನು ಈ ಲೋಕದಲ್ಲೇ ಇರಲಿಲ್ಲ.

ಮುಚ್ಚಳ ತೆಗೆದೆ. ಚಿಕ್ಕ ಅಂಕಿ, ಒತ್ತಿದೆ. ಮುಂದಿನದು, ಒತ್ತಿದೆ. ಎಲ್ಲಿಂದ ಬಂದವೋ ಅಂಕಿಗಳು, ಸಕ್ಕರೆ ಮೊಟ್ಟೆಯ ಅಳತೆ ಬರುವ ಹಾಗೆ ಬಂದವು.

"ಏನೂ ಬರ್ತಿಲ್ಲ! ಬರೀ ಕಪ್ಪು! ಕ್ಯಾಮೆರಾ ಸತ್ತೋಯ್ತು!" ಬಾಲ್ದೊ ಅಳುದನಿಯಲ್ಲಿ ಕಿರುಚುತ್ತಿದ್ದ.

"ಮುಚ್ಚಳ ತೆಗಿಯೋ ಕತ್ತೆ!"

ಅವನೂ ತೆಗೆದ. ನಾನು ದೊಡ್ಡ ಅಂಕಿಗೆ ತಿರುಗಿಸಿ ಒತ್ತಿ, ಅದು ತೆಗೆದುಕೊಳ್ಳುತ್ತಿರುವ ಅಷ್ಟು ಹೊತ್ತು ತಲೆಯೆತ್ತಿ ಬರಿಗಣ್ಣಿನಿಂದ ನೋಡಿದೆ. ದೇವರೇ. ನನ್ನ ಗಂಡ ಇಪ್ಪತ್ತು ವರ್ಷ ಯಾಕೆ ಹಾಗೆ ಬದುಕಿದ ಅಂತ ಆಗ ನನಗೆ ತಿಳಿಯಿತು. ನನಗೂ ಅಳು ಬಂತು. ಅತ್ತರೆ ದುರ್ಬೀನು ಅಲುಗೀತೆಂದು ತಡೆದುಕೊಂಡೆ. ಮತ್ತೆ ಒತ್ತಿದೆ. ಬೆಳಕಿನ ಮಣಿ ಇನ್ನೊಂದು ಬದಿಯಲ್ಲಿ ಚಿಮ್ಮಿತು. ಮುಚ್ಚಳ ಹಾಕಿದೆ.

ಕಣಿವೆಯ ಉದ್ದಕ್ಕೂ ಕೂಗು, ಕಾರುಗಳ ಹಾರನ್, ನಾಯಿಗಳು. ಸೊಯ್ಲಾ ನೆಲಕ್ಕೆ ಕೂತು ನಗುತ್ತಿದ್ದಳು. ಮುದುಕ ನನ್ನ ಕಡೆ ತಿರುಗಿದ. ಮುಖ ಬಿಳಿಚಿತ್ತು.

"ಕೂಗ್ಲೇ ಇಲ್ಲ ನಾನು. ಅಂಕಿನೂ ಹೇಳ್ಲಿಲ್ಲ. ಹೋಯ್ತು ಲಿಂದಾ, ಎಲ್ಲ ಹೋಯ್ತು."

"ಏನು ಹೋಗಿದ್ದು? ಎಲ್ಲ ಇದರೊಳಗಿದೆ," ಅಂದೆ. ಅವನ ಪ್ಲಾಸ್ಟರ್ ನನ್ನ ಬೆನ್ನಿಗೆ ನೋವಾಗುವಷ್ಟು ಒತ್ತಿತು. ಹಾಗೆ ಎಷ್ಟು ವರ್ಷವಾಗಿತ್ತೋ ಅವನು ತಬ್ಬಿಕೊಂಡು.

ಎಲ್ಲರೂ ದಡಬಡಿಸಿ ಇಳಿಯುತ್ತಿದ್ದರು. ಬಾಲ್ದೊ ಸಹಾಯಕ್ಕೆಂದು ನೇರ ಭಾರಕ್ಕೆ ಕೈ ಹಾಕಿದ. "ಕೈ ತೆಗಿ! ದುರ್ಬೀನು ಇನ್ನೂ ಮೇಲಿದೆ!" ಅಂದ ನನ್ನ ದನಿಗೆ ನಾನೇ ಬೆಚ್ಚಿದೆ. ಅವಸರದಲ್ಲಿ ಬಿಚ್ಚಿದವರ ತಿರುಪೇ ಕಳೆಯುವುದು. ಎಲ್ಲ ತಟ್ಟೆಯ ಗುಳಿಗೆ ಬಂದ ಮೇಲೆ, ನೆಲವನ್ನೊಮ್ಮೆ ಸುತ್ತ ನೋಡಿ ಇಳಿದೆ.

ಜುಲೈ 3

ಪೆಟ್ಟಿಗೆ ಬೆಚ್ಚಗಾಗುವ ತನಕ ನಿನ್ನೆ ಯಾರನ್ನೂ ಮುಟ್ಟಗೊಡಲಿಲ್ಲ. ಬಾಲ್ದೊ ಗೊಣಗುತ್ತ ಬ್ರೆಡ್ಡೆಲ್ಲ ತಿಂದು ಮುಗಿಸಿದ. ಆಮೇಲೆ ಟೀವಿಗೆ ಸಿಕ್ಕಿಸಿ ನೋಡಿದೆವು.

ಕಪ್ಪು ಗುಂಡು. ಅದರ ಅಂಚಿನಲ್ಲಿ ಗುಲಾಬಿ ಬಣ್ಣದ ಸಣ್ಣ ಸಣ್ಣ ಬೆಂಕಿ. ಸುತ್ತ ಬಿಳಿ ಕೂದಲು, ಒಂದೊಂದು ಎಳೆಯೂ ಬೇರೆಬೇರೆ. ಬಾಲ್ದೊ ತನ್ನದನ್ನು ತೋರಿಸಲೇ ಇಲ್ಲ. "ಅತ್ತಿಗೆ, ನಂಗೂ ಆ ಟೇಪ್ ಸುತ್ತೋದು ಹೇಳ್ಕೊಡು," ಅಂದ, ಪಾಪ.

ಮುದುಕ ಟೀವಿಯ ಹತ್ತಿರ ಹೋಗಿ ಮೂಗು ತಾಗುವಷ್ಟು ಬಗ್ಗಿ ನೋಡಿದ. "ನನ್ನ ಜೀವಮಾನದಲ್ಲಿ ಇಷ್ಟು ಚೂಪಾಗಿ ಒಂದೂ ಬಂದಿಲ್ಲ," ಅಂದ. ಅವನಿಗೆ ಹೊಟ್ಟೆಕಿಚ್ಚಾಗುತ್ತದೇನೋ ಎಂದು ಹೆದರಿದ್ದೆ. ಅವನು ನಗುತ್ತಿದ್ದ.

ಇವತ್ತು ಪುರಸಭೆಯ ಹುಡುಗಿ ಬಂದಳು, ಚೌಕದಲ್ಲಿ ದೊಡ್ಡದು ಮಾಡಿ ಹಾಕುತ್ತಾರಂತೆ. ಯಾರ ಹೆಸರು ಅಂತ ಕೇಳಿದಳು.

"ಉಬೆರ್ಲಿಂದಾ ಅಂತ ಬರ್ಕೋ," ಅಂದ ಮುದುಕ.

"ದುರ್ಬೀನು ನಿಂದು. ನಿನ್ನ ಹೆಸರೂ ಇರ್ಲಿ," ಅಂದೆ.

"ಬೇಕಾದ್ರೆ ಕೆಳಗೆ ಹಾಕು: ಕೊಂಬೆ ಕಡಿದೋನು, ನೊಲ್ಬೆರ್ತೊ."

ಜುಲೈ 27, ಶನಿವಾರ

ನಿನ್ನೆ ಪ್ಲಾಸ್ಟರ್ ಬಿಚ್ಚಿದರು. ಕೈ ಸಣಕಲಾಗಿದೆ, ಆದರೆ ಎಲ್ಲ ಬೆರಳೂ ಆಡುತ್ತವೆ. ದೇವರು ದೊಡ್ಡವನು.

ಅಮಾವಾಸ್ಯೆ ಹತ್ತಿರ ಬಂತು. ಕಣಿವೆಯ ಮೇಲ್ತುದಿಯಲ್ಲಿ ಊರಿನ ದೀಪವಿಲ್ಲದ ಒಂದು ಜಾಗವಿದೆ ಅಂತ ಸೊಯ್ಲಾ ಹೇಳಿದ್ದಳು. ಇವತ್ತಿನ ಮದುವೆ ಕೇಕನ್ನು ನಿನ್ನೆಯೇ ಮಾಡಿ ಕಳಿಸಿಬಿಟ್ಟೆ. ನಕ್ಷತ್ರದ ಫೋಟೊಗೆ ಹೊಸ ತಂತಿಗಳು ಬೇಕಾಗುತ್ತವೆ, ಅವಕ್ಕೆ ನೇರಳೆ ರಿಬ್ಬನ್ ಕಟ್ಟಿದೆ. ಗಾಜಿನ ಮೇಲೆ ಇಬ್ಬನಿ ಕೂರದಂತೆ ಸುತ್ತುವ ಬಿಸಿಪಟ್ಟಿಯನ್ನು ದುರ್ಬೀನಿನ ಪೆಟ್ಟಿಗೆಯಲ್ಲೇ ಇಟ್ಟೆ. ಮಧ್ಯಾಹ್ನ ಟ್ರಕ್ಕಿಗೆ ಎಲ್ಲ ಏರಿಸುತ್ತಿದ್ದೆ. ಮುದುಕ ಬಾಗಿಲಲ್ಲಿ ನಿಂತು, ಎರಡು ಕೈಯನ್ನೂ ಜೇಬಿಗೆ ಹಾಕಿ ತೆಗೆದು, ಹಾಕಿ ತೆಗೆದು ಮಾಡುತ್ತಿದ್ದ. ಕೊನೆಗೆ ಕೇಳಿದ:

"ಲಿಂದಾ, ನಾನೂ ಬರ್ಲಾ?"

ಇದೆಂಥ ಪ್ರಶ್ನೆ! "ಬಾ. ಫ್ಲಾಸ್ಕಲ್ಲಿ ಕಾಫಿ ಹಾಕ್ಕೋ, ಕಂಬಳಿ ತಗೋ. ನನ್ನ ದುರ್ಬೀನಿನ ಪೆಟ್ಟಿಗೆ ಮಾತ್ರ ಮುಟ್ಬೇಡ," ಅಂದೆ.

ಅವನು ಬಾಗಿಲಿಗೆ ಒರಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಕಾಫಿ ಮಾಡುವಾಗಲೂ ಒಳಗಿಂದ ನಗು ಕೇಳುತ್ತಲೇ ಇತ್ತು. ಅದರಲ್ಲಿ ನಗುವಂಥದ್ದೇನಿತ್ತೋ ನನಗಂತೂ ಗೊತ್ತಾಗಲಿಲ್ಲ.